ಗಾಡಿಗೂ ಒಂದು ಉತಾರ ಇದೆ

ನಮ್ಮ ಮುದ್ದೇಬಿಹಾಳ ಕಡೆ ಹಳೇ ಗಾಡಿ ಕೊಳ್ಳಲು ಹೋದವರು ಕೇಳುವ ಪ್ರಶ್ನೆ ಮೂರೇ. "ಎಷ್ಟನೇ ಓನರ್?" "ಲೋನ್ ಐತೇನು?" "ಎಲ್ಲ್ಯರ ಬಡದೈತೇನು?" ಟ್ರ್ಯಾಕ್ಟರ್ ಆದರೆ ನಾಲ್ಕನೆಯದು, "ಎಷ್ಟ್ ತಾಸ್ ಓಡೇತಿ?"

ಮಾರುವವನ ಉತ್ತರ ಎಲ್ಲರಿಗೂ ಬಾಯಿಪಾಠ. ಸಿಂಗಲ್ ಓನರ್, ಲೋನ್ ಕ್ಲಿಯರ್, ಡಾಕ್ಟರ್ ಇಟ್ಟಿದ್ದ ಗಾಡಿ, ಬರೀ ಮನಿಯಿಂದ ದವಾಖಾನಿಗೆ. ಈಗೀಗ ಈ ಉತ್ತರದ ಜೊತೆ ವಾಟ್ಸ್‌ಆ್ಯಪ್‌ಗೆ ಒಂದು ಲಿಂಕ್ ಕೂಡ ಬರುತ್ತದೆ. ಒತ್ತಿದರೆ ಹಸಿರು ಟಿಕ್ ಮಾರ್ಕುಗಳ ಒಂದು ಪುಟ ತೆರೆಯುತ್ತದೆ, ಮೇಲೆ "ಹಿಸ್ಟರಿ ರಿಪೋರ್ಟ್" ಎಂಬ ಹೆಸರು. ಅದನ್ನು ಮಾಡಿದ್ದು ಮಾರುವವನೂ ಅಲ್ಲ, ಸರಕಾರವೂ ಅಲ್ಲ, ನಡುವಿನ ಮೂರನೆಯ ಒಂದು ಕಂಪನಿ. ಹುಬ್ಬಳ್ಳಿ, ಸೊಲ್ಲಾಪುರ, ಪುಣೆ, ಬೆಂಗಳೂರಿನ ಡೀಲರುಗಳ ವೆಬ್‌ಸೈಟಿನಲ್ಲಿ ಕಾರಿನ ಫೋಟೊದ ಕೆಳಗೆ ಇಂಥ ಲಿಂಕುಗಳು ಕಾಣುತ್ತವೆ. ನಮ್ಮ ಹಳ್ಳಿಗಳ ಹುಡುಗರು ಅದನ್ನು ನೋಡಿಯೇ ಮುಂಗಡ ಕಳಿಸುತ್ತಿದ್ದಾರೆ.

ಒಂದು ಗಾಡಿಯ ಹಿಂದಿನ ಕಥೆಯನ್ನು ಯಾರು ಬರೆದಿಡುತ್ತಾರೆ, ಅದು ಯಾರ ಕೈಯಲ್ಲಿರುತ್ತದೆ, ಕೊಳ್ಳುವವನ ಕೈಗೆ ಎಷ್ಟು ಬರುತ್ತದೆ? ಇದಕ್ಕೊಂದು ಇತಿಹಾಸವಿದೆ. ಅದು ಕಾರಿಗಿಂತ ಬಹಳ ಹಳೆಯದು.

ಮೊದಲು ಕಥೆ ಇದ್ದದ್ದು ಮೈಮೇಲೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಜಾನುವಾರು ಸಂತೆಗೆ ಹೋದವರಿಗೆ ಹೇಳಬೇಕಾಗಿಲ್ಲ. ಎತ್ತಿನ ತುಟಿ ಎತ್ತಿ ಹಲ್ಲು ನೋಡುತ್ತಾರೆ. ಹಾಲುಹಲ್ಲು ಇದ್ದರೆ ಕರು. ಎರಡು ಹಲ್ಲು ಅಂದರೆ ಎರಡು, ಎರಡೂವರೆ ವರ್ಷ. ನಾಲ್ಕು ಹಲ್ಲು, ಆರು ಹಲ್ಲು ಆಗಿ ಎಂಟೂ ಬಂದು ಬಾಯಿಗೂಡಿದರೆ ಸುಮಾರು ಐದು ವರ್ಷ. ಅಲ್ಲಿಂದ ಮುಂದೆ ಹಲ್ಲು ಎಷ್ಟು ಸವೆದಿದೆ ಎಂಬುದರ ಮೇಲೆ ಲೆಕ್ಕ. ಹೆಗಲ ಮೇಲಿನ ಜಡ್ಡು ನೋಡಿ ನೊಗ ಎಷ್ಟು ಎಳೆದಿದೆ ಎಂದು ಹೇಳುತ್ತಾರೆ. ಸುಳಿ ನೋಡಿ ಮನೆಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದು ನಂಬಿಕೆಯ ಮಾತು, ಅದನ್ನು ಬದಿಗಿಡೋಣ. ಆದರೆ ಹಲ್ಲು, ಜಡ್ಡು, ಗೊರಸು ನಿಜವಾದ ದಾಖಲೆಗಳು.

ಮೋಸವೂ ಅಷ್ಟೇ ಹಳೆಯದು. ಕೊಂಬಿನ ಬುಡದ ಉಂಗುರಗಳಿಂದ ವಯಸ್ಸು ತಿಳಿಯುತ್ತದೆ ಎಂದು ಕೊಂಬನ್ನೇ ಹೆರೆದು, ಎಣ್ಣೆ ಹಚ್ಚಿ, ಗೊಂಡೆ ಕಟ್ಟಿ ನಿಲ್ಲಿಸುವ ದಲಾಲರು ಇದ್ದರು. ಇಂದು ಕಾರಿನ ಮೀಟರ್ ಹಿಂದಕ್ಕೆ ತಿರುಗಿಸುವವರು ಆ ದಲಾಲರ ಮೊಮ್ಮಕ್ಕಳು. ಆದರೆ ಸಂತೆಯಲ್ಲಿ ಕೊಳ್ಳುವವನಿಗೆ ಒಂದು ರಕ್ಷಣೆ ಇತ್ತು. ಮಾರಿದವನ ಊರು ಗೊತ್ತು, ಅವನ ಬೀಗರು ಗೊತ್ತು. ಎತ್ತು ಹಾಯುತ್ತದೆ ಎಂದು ತಿಳಿದೂ ಮುಚ್ಚಿಟ್ಟು ಮಾರಿದರೆ ಮುಂದಿನ ಸಂತೆಯಲ್ಲಿ ಅವನ ಹಗ್ಗಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಹತ್ತೂರಿನ ಬಾಯಿಯೇ ಹಿಸ್ಟರಿ ರಿಪೋರ್ಟ್.

ಊರು ಗೊತ್ತಿಲ್ಲದವರ ನಡುವೆ ವ್ಯಾಪಾರ ಬೆಳೆದಾಗ ಬಾಯಿಮಾತು ಸಾಲಲಿಲ್ಲ. ದಿಲ್ಲಿಯಲ್ಲಿ 1296ರಿಂದ 1316ರವರೆಗೆ ಆಳಿದ ಅಲಾವುದ್ದೀನ್ ಖಿಲ್ಜಿ ಸೈನ್ಯದ ಕುದುರೆಗಳಿಗೆ ಬರೆ ಹಾಕಿಸುವ ಪದ್ಧತಿ ತಂದ. ಅದಕ್ಕೆ 'ದಾಗ್' ಎಂದು ಹೆಸರು. ಕಾರಣ ಸರಳ. ಸರದಾರರು ತಪಾಸಣೆಯ ದಿನ ಒಳ್ಳೇ ಕುದುರೆ ತೋರಿಸಿ ಸಂಬಳ ಎತ್ತಿ, ಆಮೇಲೆ ಅದರ ಜಾಗದಲ್ಲಿ ಬಡಕಲು ಕುದುರೆ ನಿಲ್ಲಿಸುತ್ತಿದ್ದರು. ಅದೇ ರೀತಿ ಸೈನಿಕನ ಮುಖಚಹರೆ ಬರೆದಿಡುವ 'ಹುಲಿಯಾ' ಎಂಬ ಪಟ್ಟಿಯೂ ಇತ್ತು. ಒಂದು ಮೈಮೇಲಿನ ಗುರುತು, ಒಂದು ಕಡತದ ಬರಹ, ಎರಡೂ ಕೂಡಿದರೆ ಮಾತ್ರ ಲೆಕ್ಕ. ಇವತ್ತು ಚಾಸಿ ನಂಬರ್ ಮತ್ತು ಆರ್‌ಸಿ ತಾಳೆ ನೋಡುವುದು ಅದೇ ಕೆಲಸ.

ವಿಜಯನಗರದ ಕಾಲದ್ದು ಇನ್ನೂ ಸ್ವಾರಸ್ಯ. ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟ ಪ್ರಕಾರ, ಸಾಳುವ ನರಸಿಂಹ ಅರಬ್ಬೀ ಕುದುರೆಗಳಿಗಾಗಿ ಎಷ್ಟು ಹಂಬಲಿಸುತ್ತಿದ್ದನೆಂದರೆ ಹಡಗಿನಲ್ಲೇ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ. ಸಾಕ್ಷಿಗೆ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು. ಬಾಲವೇ ದಾಖಲೆ! ಆ ಬಾಲ ಕುದುರೆಯದೋ ಇನ್ನಾವುದೋ ಪ್ರಾಣಿಯದೋ ಎಂದು ನೋಡಲು ಒಬ್ಬ ಅಧಿಕಾರಿ ಇದ್ದಿರಬೇಕು ಎಂದು ನಮ್ಮ ಊಹೆ, ಅಂದರೆ ಆ ಕಾಲದ ಬ್ರೇಕ್ ಇನ್‌ಸ್ಪೆಕ್ಟರ್. ಆ ಸಾಮ್ರಾಜ್ಯದ ಕುದುರೆ ದಂಡು 1565ರ ಜನವರಿಯಲ್ಲಿ ಮುರಿದುಬಿದ್ದ ಯುದ್ಧಕ್ಕೆ ಹೆಸರು ಕೊಟ್ಟ ಊರುಗಳಲ್ಲಿ ಒಂದಾದ ತಂಗಡಗಿ ಇರುವುದು ನಮ್ಮ ತಾಲೂಕಿನ ಕೃಷ್ಣಾ ದಂಡೆಯಲ್ಲೇ.

ಇನ್ನು ಮೋಟಾರಿಗೆ ಬರೋಣ.

ದೇಶಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯ್ದೆ ಬಂದದ್ದು 1914ರಲ್ಲಿ. ಅದನ್ನು ತೆಗೆದು 1939ರಲ್ಲಿ ದೊಡ್ಡದೊಂದು ಕಾಯ್ದೆ ಮಾಡಿದರು. ಪ್ರಾಂತಕ್ಕೊಂದು ಅಕ್ಷರ ಹಂಚಿದ್ದು ಅದರಲ್ಲೇ. ವಿಜಯಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿ. ಹಾಗಾಗಿ 1956ರ ನವೆಂಬರ್ 1ರವರೆಗೆ ನಮ್ಮ ಭಾಗದ ಗಾಡಿಗಳಿಗೆ ಮುಂಬಯಿಯ 'ಬಿ' ಅಕ್ಷರ. ಏಕೀಕರಣದ ನಂತರ ಮೈಸೂರಿನ 'ಎಂವೈ', ಆಮೇಲೆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲೆ 'ಸಿ'ಯಿಂದ ಶುರುವಾಗುವ ಅಕ್ಷರಗಳು. ಈಗಿನ 1988ರ ಕಾಯ್ದೆ ಜಾರಿಯಾದದ್ದು 1989ರ ಜುಲೈ 1ರಂದು. ಅಲ್ಲಿಂದ 'ಕೆಎ', ನಮ್ಮದು 28. ಊರಲ್ಲಿ ಯಾರ ಹತ್ತಿರವಾದರೂ 'ಎಂವೈ' ಪ್ಲೇಟಿನ ಹಳೇ ಮೋಟಾರ್ ಸೈಕಲ್ಲೋ ಜೀಪೋ ಇದ್ದರೆ ಅದರ ನಂಬರೇ ಒಂದು ಇತಿಹಾಸದ ಪಾಠ. ಗಾಡಿ ಎಲ್ಲಿ ಹುಟ್ಟಿತು, ಸುಮಾರು ಯಾವಾಗ ಹುಟ್ಟಿತು, ಪ್ಲೇಟಿನಲ್ಲೇ ಓದಬಹುದು.

ನಂಬರಿಗಿಂತ ಮುಖ್ಯವಾದದ್ದು ಆರ್‌ಸಿ ಬುಕ್. ಈಗ ನಾವು 'ಆರ್‌ಸಿ ಬುಕ್' ಎನ್ನುತ್ತೇವೆ, ಕೈಗೆ ಸಿಗುವುದು ಎಟಿಎಂ ಕಾರ್ಡಿನಂಥ ಕಾರ್ಡು. ಆದರೆ ನಮ್ಮ ಅಪ್ಪಂದಿರ ಕಾಲದಲ್ಲಿ ಅದು ನಿಜವಾಗಿಯೂ ಪುಸ್ತಕ. ಕೈಬರಹ, ನೀಲಿ ಮಸಿ, ದುಂಡು ಸೀಲು. ಗಾಡಿ ಕೈ ಬದಲಾದಾಗಲೆಲ್ಲ ಹಳೇ ಹೆಸರಿನ ಕೆಳಗೆ ಹೊಸ ಹೆಸರು, ತಾರೀಖು, ಸಹಿ. ಸಾಲ ಕೊಟ್ಟ ಬ್ಯಾಂಕಿನ ಹೆಸರು ಒಂದು ಕಡೆ, ಸಾಲ ತೀರಿದಾಗ ಅದರ ಮೇಲೆ ರದ್ದು ಸೀಲು. ಬೇರೆ ಜಿಲ್ಲೆಗೆ ಹೋಗಿ ಬಂದಿದ್ದರೆ ಅಲ್ಲಿನ ಸೀಲು. ಪುಟ ತಿರುವಿದರೆ ಗಾಡಿಯ ಪೂರ್ತಿ ಜಾತಕ. ಕೊಳ್ಳುವವನು ಯಾರನ್ನೂ ಕೇಳಬೇಕಾಗಿರಲಿಲ್ಲ, ಬುಕ್ಕೇ ಹೇಳುತ್ತಿತ್ತು.

ಕಾರ್ಡು ಬಂದಾಗ ಎಲ್ಲರೂ ಖುಷಿಪಟ್ಟರು. ಮಳೆಯಲ್ಲಿ ನೆನೆಯುವುದಿಲ್ಲ, ಹರಿಯುವುದಿಲ್ಲ, ನಕಲಿ ಮಾಡುವುದು ಕಷ್ಟ. ಆದರೆ ಕಾರ್ಡಿನ ಮೇಲೆ ಕಾಣುವುದು ಇವತ್ತಿನ ಮಾಲೀಕ, ಇವತ್ತಿನ ಸಾಲ. ಹಿಂದಿನ ಮಾಲೀಕರ ಹೆಸರು, ತಾರೀಖು, ತೀರಿದ ಸಾಲಗಳ ಸಾಲು ಕೊಳ್ಳುವವನ ಕಣ್ಣಿಂದ ಮರೆಯಾಗಿ ಕಚೇರಿಯ ಕಂಪ್ಯೂಟರಿಗೆ ಹೋಯಿತು. ಹಿಸ್ಟರಿ ರಿಪೋರ್ಟ್ ಮಾರುವ ಅಂಗಡಿಗೆ ಜಾಗ ಆದದ್ದು ಇಲ್ಲೇ ಎಂದು ನಮ್ಮ ಅಭಿಪ್ರಾಯ. ಬುಕ್ಕಿನಲ್ಲಿ ಪುಕ್ಕಟೆ ಸಿಗುತ್ತಿದ್ದದ್ದನ್ನು ಈಗ ಲಿಂಕಿನಲ್ಲಿ ಹುಡುಕುತ್ತಿದ್ದೇವೆ.

ಲಿಂಕಿನ ಊರು ಅಮೆರಿಕ. ಅಲ್ಲಿ ಹಳೇ ಕಾರಿನ ದೊಡ್ಡ ರೋಗ ಮೀಟರ್ ತಿರುಗಿಸುವುದು. ಅದಕ್ಕೆ 1972ರಲ್ಲೇ ಕೇಂದ್ರ ಕಾನೂನು ಮಾಡಿದರು. ಮಾರುವವನು ಮೀಟರ್ ಎಷ್ಟಿದೆ ಎಂದು ಬರೆದು ಸಹಿ ಹಾಕಿಕೊಡಬೇಕು. 1986ರಲ್ಲಿ ಅದನ್ನು ಬಿಗಿಮಾಡಿ, ಮಾಲೀಕತ್ವದ ಪತ್ರದ ಮೇಲೇ ಬರೆಯಬೇಕು ಎಂದರು. ಈ ನಡುವೆ 1981ರ ಮಾಡೆಲ್‌ನಿಂದ ಪ್ರತಿ ಕಾರಿಗೂ 17 ಅಕ್ಷರಗಳ ಒಂದೇ ಮಾದರಿಯ ಗುರುತಿನ ನಂಬರ್ ಕಡ್ಡಾಯವಾಯಿತು. ಅಂದರೆ ಪ್ರತಿ ಕಾರಿಗೆ ಒಂದು ಖಾತ್ರಿ ಹೆಸರು, ಪ್ರತಿ ಮಾರಾಟದಲ್ಲಿ ಒಂದು ಮೀಟರ್ ಲೆಕ್ಕ. ಇವೆರಡನ್ನೂ ಜೋಡಿಸಿದರೆ ಸಾಕು, ಸುಳ್ಳು ತಾನಾಗಿ ಹೊರಬೀಳುತ್ತದೆ. 2 ವರ್ಷದ ಹಿಂದೆ 90,000 ಮೈಲು ಇದ್ದ ಕಾರು ಈಗ 50,000 ಹೇಗಾಯಿತು?

ಹೀಗೆ ಜೋಡಿಸುವ ಕೆಲಸವನ್ನೇ ವ್ಯಾಪಾರ ಮಾಡಿಕೊಂಡದ್ದು 1984ರಲ್ಲಿ ಮಿಸೌರಿ ರಾಜ್ಯದ ಕೊಲಂಬಿಯಾ ಎಂಬ ಊರಲ್ಲಿ ಹುಟ್ಟಿದ ಕಾರ್‌ಫ್ಯಾಕ್ಸ್. ಎವಿನ್ ಬಾರ್ನೆಟ್ ಎಂಬ ಕಂಪ್ಯೂಟರ್ ಬಲ್ಲವರು ಶುರು ಮಾಡಿದ್ದು. ಹೆಸರಿನಲ್ಲೇ ಇರುವಂತೆ ಆಗ ಡೀಲರು ಕೇಳಿದರೆ ವರದಿಯನ್ನು ಫ್ಯಾಕ್ಸ್ ಮಾಡುತ್ತಿದ್ದರು. 1986ರಲ್ಲಿ ಅವರ ಹತ್ತಿರ ಇದ್ದದ್ದು ಬರೀ 10,000 ದಾಖಲೆ. 1996ರಲ್ಲಿ ವೆಬ್‌ಸೈಟ್ ಆಯಿತು. ಆಮೇಲೆ ಡೀಲರುಗಳ ಸೈಟಿನಲ್ಲಿ ಪ್ರತಿ ಕಾರಿನ ಕೆಳಗೆ ಅದರ ಲಿಂಕ್ ಇರುವುದೇ ರೂಢಿಯಾಯಿತು. ಲಿಂಕ್ ಇಲ್ಲದಿದ್ದರೆ ಗಿರಾಕಿ "ಏನೋ ಮುಚ್ಚಿಡ್ತಿದ್ದಾರೆ" ಎಂದು ಮುಂದಕ್ಕೆ ಹೋಗುವಷ್ಟು. ದುಡ್ಡು ಕೊಡುವವನು ಡೀಲರು, ಓದುವವನು ಗಿರಾಕಿ. ಈ ಜೋಡಣೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಲ್ಲಿಯೂ ಅದು ಪೂರ್ತಿ ಸತ್ಯವಲ್ಲ. ವಿಮೆಗೆ ಹೇಳದೆ, ಪೊಲೀಸರಿಗೆ ಹೇಳದೆ ಪರಿಚಯದ ಗ್ಯಾರೇಜಿನಲ್ಲಿ ಡೆಂಟಿಂಗ್ ಪೇಂಟಿಂಗ್ ಮಾಡಿಸಿದ ಕಾರಿನ ರಿಪೋರ್ಟ್ ಅಮೆರಿಕದಲ್ಲೂ ಹಸಿರೇ. ಯಾರೋ ಬರೆದಿದ್ದರೆ ಮಾತ್ರ ಇನ್ಯಾರೋ ಓದಬಹುದು.

ನಮ್ಮಲ್ಲಿ ಬರೆಯುವುದೇ ಕಡಿಮೆ. ಗಾಡಿ ಮಾರಿದಾಗ ತುಂಬುವ ಫಾರ್ಮ್ 29 ಮತ್ತು ಫಾರ್ಮ್ 30ರಲ್ಲಿ ಹೆಸರು, ವಿಳಾಸ, ನಂಬರ್ ಕೇಳುತ್ತಾರೆ, ಮೀಟರ್ ಎಷ್ಟು ಓಡಿದೆ ಎಂದು ಬರೆಯಲು ಅಂಕಣವೇ ಇಲ್ಲ. ಮೀಟರ್ ತಿರುಗಿಸಿದ್ದಕ್ಕೆಂದೇ ಅಮೆರಿಕದಂಥ ಪ್ರತ್ಯೇಕ ಕಾನೂನೂ ಇಲ್ಲ, ವಂಚನೆಯ ಕೇಸು ಹಾಕಬೇಕು. ಆದ್ದರಿಂದ ನಮ್ಮ ಲಿಂಕಿನಲ್ಲಿ "ಮೀಟರ್ ಸರಿಯಾಗಿದೆ" ಎಂದು ಕಂಡರೆ ಅದು ಕಂಪನಿಯ ಸರ್ವಿಸ್ ದಾಖಲೆಯಿಂದ ಬಂದದ್ದಿರಬೇಕು, ಇಲ್ಲವೇ ಬರೀ ಕಣ್ಣಂದಾಜು. ಸರ್ವಿಸನ್ನು ನಾಲ್ಕನೇ ವರ್ಷದಿಂದ ಊರ ಮೇಸ್ತ್ರಿಯ ಹತ್ತಿರ ಮಾಡಿಸಿದ ಗಾಡಿಗೆ ಅಲ್ಲಿಂದ ಮುಂದೆ ದಾಖಲೆಯೇ ಇರುವುದಿಲ್ಲ. ನಮ್ಮ ಕಡೆಯ ಹೆಚ್ಚಿನ ಗಾಡಿಗಳ ಕಥೆ ಇದೇ.

ಹಾಗಾದರೆ ನಮ್ಮ ರಿಪೋರ್ಟುಗಳಲ್ಲಿ ಇರುವುದೇನು? ಮುಖ್ಯವಾಗಿ 'ವಾಹನ್' ಎಂಬ ಸರಕಾರಿ ದತ್ತಾಂಶ. ಎನ್‌ಐಸಿ ಕಟ್ಟಿದ ಈ ವ್ಯವಸ್ಥೆಯಲ್ಲಿ ಮೊದಲು ಒಂದೊಂದು ಆರ್‌ಟಿಒ ಕಚೇರಿಯ ಕಂಪ್ಯೂಟರ್ ಬೇರೆ ಬೇರೆ ಇತ್ತು, ಆಮೇಲೆ ಎಲ್ಲವೂ ಒಂದೇ ಕಡೆ ಕೂಡಿದವು. 2017ರಲ್ಲಿ ಎಂಪರಿವಾಹನ್ ಆ್ಯಪ್ ಬಂತು. 2018ರಿಂದ ಫೋನಿನಲ್ಲಿರುವ ಆರ್‌ಸಿಯನ್ನೂ ಪೊಲೀಸರು ಒಪ್ಪಬೇಕು ಎಂದಾಯಿತು.

ಇಲ್ಲೊಂದು ನಡೆದ ಸಂಗತಿ ಹಳ್ಳಿಯ ಓದುಗರಿಗೆ ಅಷ್ಟಾಗಿ ಮುಟ್ಟಿಲ್ಲ. 2019ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಒಂದು ನೀತಿ ತಂದು, ಈ ದತ್ತಾಂಶವನ್ನು ಕಂಪನಿಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿಗೆ ಕೊಡಬಹುದು ಎಂದಿತು. ಅದೇ ಜುಲೈನಲ್ಲಿ ಸಚಿವ ನಿತಿನ್ ಗಡ್ಕರಿ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ 87 ಖಾಸಗಿ ಕಂಪನಿಗಳಿಗೆ ಇದರ ದಾರಿ ತೆರೆದಿತ್ತು, ಬಂದ ಆದಾಯ ಸುಮಾರು 65 ಕೋಟಿ. ಜನರ ಖಾಸಗಿತನಕ್ಕೆ ಧಕ್ಕೆ ಎಂದು ಗಲಾಟೆಯಾಗಿ 2020ರ ಜೂನ್‌ನಲ್ಲಿ ಆ ನೀತಿಯನ್ನೇ ಕೈಬಿಟ್ಟರು. ಈಗ ಆ್ಯಪಿನಲ್ಲಿ ಬೇರೆಯವರ ಗಾಡಿ ನಂಬರ್ ಹಾಕಿದರೆ ಮಾಲೀಕರ ಹೆಸರಿನ ನಡುವೆ ಚುಕ್ಕಿ ಚುಕ್ಕಿ ಕಾಣುವುದು ಈ ಜಗ್ಗಾಟದ ಗುರುತು.

ನಮಗೆ ಈ ವಿಷಯದಲ್ಲಿ ಎರಡು ಮನಸ್ಸಿದೆ. ಹೆಣ್ಣುಮಗಳೊಬ್ಬಳ ಸ್ಕೂಟಿ ನಂಬರ್ ನೋಡಿಕೊಂಡು ಯಾರೋ ಅವಳ ಹೆಸರು, ಊರು ತೆಗೆಯುವುದು ತಪ್ಪಬೇಕು, ಚುಕ್ಕಿ ಇರಲಿ. ಆದರೆ ಮೂರು ಲಕ್ಷ ಸಾಲ ಮಾಡಿ ಗಾಡಿ ಕೊಳ್ಳುವವನಿಗೆ ಅದರ ಹಿಂದಿನ ಸಾಲು ಪೂರ್ತಿ ತಿಳಿಯುವ ಹಕ್ಕೂ ಇರಬೇಕು. ಹೊಲದ ವಿಷಯದಲ್ಲಿ ಆ ಹಕ್ಕು ನಮಗಿದೆ. ಯಾವ ಸರ್ವೆ ನಂಬರಿನ ಉತಾರವನ್ನಾದರೂ ತೆಗೆಸಬಹುದು. 9ನೇ ಕಲಮಿನಲ್ಲಿ ಯಾರ ಹೆಸರಿದೆ, 11ನೇ ಕಲಮಿನಲ್ಲಿ ಯಾವ ಬ್ಯಾಂಕಿನ ಬೋಜಾ ಕೂತಿದೆ, ಎಲ್ಲ ಗೊತ್ತಾಗುತ್ತದೆ. ಉತಾರ ನೋಡದೆ ಅರ್ಧ ಎಕರೆಯನ್ನೂ ಕೊಳ್ಳದ ನಮ್ಮ ಹಿರಿಯರು, ಅದೇ ಬೆಲೆಯ ಪಿಕಪ್ ಗಾಡಿಯನ್ನು ಚಹಾದ ಅಂಗಡಿಯ ಮಾತಿನ ಮೇಲೆ ಕೊಳ್ಳುತ್ತಾರೆ.

ಗಾಡಿಗೂ ಉತಾರ ಇದೆ, ಅದಕ್ಕೆ ಕಚೇರಿಯಲ್ಲಿ 'ಬಿ ಎಕ್ಸ್‌ಟ್ರಾಕ್ಟ್' ಎನ್ನುತ್ತಾರೆ. ಆರ್‌ಟಿಒದಲ್ಲಿ ಪ್ರತಿ ವಾಹನದ ವಿವರ ಬರೆದಿಡುವ ರಿಜಿಸ್ಟರಿನ ನಕಲು ಅದು. ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಮಾಲೀಕತ್ವ, ಸಾಲದ ನಮೂದು, ತೆರಿಗೆ ಎಲ್ಲ ಸರಕಾರಿ ಸೀಲಿನಡಿ ಬರುತ್ತದೆ. ಕೋರ್ಟಿನಲ್ಲಿ ಅಪಘಾತದ ಕೇಸು ನಡೆಯುವಾಗ ವಕೀಲರು ತರುವುದು ಇದನ್ನೇ, ಡೀಲರ ಲಿಂಕನ್ನಲ್ಲ. ಗಾಡಿ ಕೊಳ್ಳುವವರು ಮಾತ್ರ ಇದನ್ನು ಕೇಳುವುದು ತೀರ ಅಪರೂಪ.

ಸಾಲದ ನಮೂದಿನ ಬಗ್ಗೆ ನಮ್ಮ ಗುಂಪಿನ ಒಬ್ಬರ ಮನೆಯಲ್ಲಿ ಆದದ್ದನ್ನು ಹೇಳಬೇಕು. ಊರಿನ ಹೆಸರು, ಕಂಪನಿಯ ಹೆಸರು ಬೇಡ. ಅವರ ಕಾಕಾ ದ್ರಾಕ್ಷಿ, ಈರುಳ್ಳಿ ಸಾಗಿಸಲು ಒಂದು ಹಳೇ ಪಿಕಪ್ ಕೊಂಡರು. ಕೊಳ್ಳುವ ಮುಂಚೆ ಫೋನಿನಲ್ಲಿ ರಿಪೋರ್ಟ್ ನೋಡಿದ್ದರು, ಅದರಲ್ಲಿ ಫೈನಾನ್ಸ್ ಇದೆ ಎಂದೇ ಇತ್ತು. ಮಾರುವವನು ಕಂತು ಪೂರ್ತಿ ಕಟ್ಟಿದ ರಸೀದಿಗಳನ್ನು ತೋರಿಸಿದ. "ಸಾಲ ಮುಗದೈತಿ, ಎನ್‌ಒಸಿ ಎಂಟ್ ದಿನದಾಗ ಬರ್ತೈತಿ." ರಸೀದಿ ಸುಳ್ಳಲ್ಲ, ಸಾಲ ನಿಜವಾಗಿಯೂ ಮುಗಿದಿತ್ತು. ಆದರೆ ಆ ಮನುಷ್ಯ ಅದೇ ಫೈನಾನ್ಸಿನಲ್ಲಿ ತನ್ನ ಅಳಿಯನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತಿದ್ದ. ಅಳಿಯ ಕಂತು ಬಿಟ್ಟಿದ್ದ. ಆ ಸಾಲ ತೀರುವವರೆಗೆ ಈ ಗಾಡಿಯ ಎನ್‌ಒಸಿ ಕೊಡುವುದಿಲ್ಲ ಎಂದು ಅವರು ಕೂತರು. ಫೈನಾನ್ಸಿನವರ ಒಪ್ಪಿಗೆ ಇಲ್ಲದೆ ಆರ್‌ಟಿಒ ಹೆಸರು ಬದಲಿಸುವಂತಿಲ್ಲ, ಕಾಯ್ದೆಯ 51ನೇ ಕಲಮಿನಲ್ಲಿ ಹಾಗೆ ಇದೆ. ಹದಿನಾಲ್ಕು ತಿಂಗಳು ಕಾಕಾ ಬೇರೆಯವರ ಹೆಸರಿನ ಗಾಡಿ ಓಡಿಸಿದರು. ಪ್ರತಿ ಚೆಕ್‌ಪೋಸ್ಟಿನಲ್ಲೂ ಎದೆ ಡವಡವ. ರಾತ್ರಿ ಸೀಜಿಂಗ್‌ನವರು ಬರುತ್ತಾರೆಂದು ಗಾಡಿಯನ್ನು ಹೊಲದ ಮನೆಯ ಹಿಂದೆ ನಿಲ್ಲಿಸುತ್ತಿದ್ದರು.

ರಿಪೋರ್ಟ್ ಸುಳ್ಳು ಹೇಳಿರಲಿಲ್ಲ. 'ಇದೆ' ಎಂದಿತ್ತು. 'ಯಾಕೆ ಇದೆ' ಎಂದು ಹೇಳುವ ಅಂಕಣ ಅದರಲ್ಲಿರಲಿಲ್ಲ.

ಹೆಸರು ಬದಲಿಸದೆ ಗಾಡಿ ಓಡುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ ಅದಕ್ಕೊಂದು ಪದ್ಧತಿಯೇ ಇತ್ತು. ಮಾರುವವನು ಖಾಲಿ ಫಾರ್ಮ್ 29, 30ಕ್ಕೆ ಸಹಿ ಮಾಡಿ, ಒಂದು ಬಾಂಡ್ ಪೇಪರ್ ಬರೆಸಿ ಕೊಟ್ಟುಬಿಡುವುದು. ಕೊಂಡವನು ಅದೇ ಫಾರ್ಮುಗಳನ್ನು ಮುಂದಿನವನಿಗೆ ದಾಟಿಸುವುದು. ಗಾಡಿ ತಾಳಿಕೋಟೆ, ಸಿಂದಗಿ, ಇಂಡಿ ಸುತ್ತಿ ಸೊಲ್ಲಾಪುರ ಮುಟ್ಟಿದರೂ ಪುಸ್ತಕದಲ್ಲಿ ಮೊದಲಿನವನದೇ ಹೆಸರು. ಟ್ರಾನ್ಸ್‌ಫರ್ ಖರ್ಚು ಉಳಿಯಿತೆಂದು ಎಲ್ಲರಿಗೂ ಸಮಾಧಾನ. ಕಾಯ್ದೆಯ 50ನೇ ಕಲಂ ಹೇಳುವುದು ಬೇರೆ. ರಾಜ್ಯದೊಳಗೆ ಮಾರಿದರೆ ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು.

ಇದರ ಬೆಲೆ ಏನೆಂದು ಸುಪ್ರೀಂ ಕೋರ್ಟಿನ 2018ರ ಫೆಬ್ರವರಿ 6ರ ತೀರ್ಪು ಹೇಳುತ್ತದೆ. ಉತ್ತರ ಭಾರತದ ಒಂದು ಕಾರು. ಮೊದಲ ಮಾಲೀಕ 2007ರಲ್ಲಿ ಮಾರಿದ. ಕೊಂಡವನು 2008ರಲ್ಲಿ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. 2009ರ ಮೇ ತಿಂಗಳಲ್ಲಿ ಅದೇ ಕಾರು ಬಡಿದು ಒಬ್ಬ ಹುಡುಗ ತೀರಿಕೊಂಡ. ಪರಿಹಾರ ಕೊಡಬೇಕಾದವರು ಯಾರು? ಹೈಕೋರ್ಟ್ ಕೊನೆಗೆ ಕೊಂಡವನು ಎಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಲ್ಲಿ ಮಾಲೀಕರು. ಮಗನನ್ನು ಕಳೆದುಕೊಂಡವರು ಒಬ್ಬರ ಹಿಂದೆ ಒಬ್ಬರಂತೆ ಕೊಂಡವರನ್ನೆಲ್ಲ ಹುಡುಕುತ್ತ ಅಲೆಯುವಂತೆ ಮಾಡಬಾರದು ಎಂಬುದು ಅದರ ತರ್ಕ. ಮೊದಲನೆಯವನು ಎರಡು ವರ್ಷದ ಹಿಂದೆಯೇ ಮರೆತ ಕಾರು ಅವನ ತಲೆಗೇ ಬಂತು. ತಾಳಿಕೋಟೆಯಲ್ಲೋ ನಾಲತವಾಡದಲ್ಲೋ ಹತ್ತು ವರ್ಷದ ಹಿಂದೆ ಬೈಕು ಮಾರಿ, ಫಾರ್ಮಿಗೆ ಸಹಿ ಮಾಡಿಕೊಟ್ಟು ಮರೆತವರು ನಮ್ಮ ಓದುಗರಲ್ಲಿ ಎಷ್ಟು ಜನ ಇದ್ದೀರೋ! ಒಮ್ಮೆ ಆ ಹಳೇ ನಂಬರನ್ನು ಎಂಪರಿವಾಹನ್‌ನಲ್ಲಿ ಹಾಕಿ ನೋಡಿ. ಚುಕ್ಕಿಗಳ ನಡುವೆ ನಿಮ್ಮದೇ ಹೆಸರಿನ ಅಕ್ಷರ ಕಂಡರೆ ಇವತ್ತೇ ಕೊಂಡವರಿಗೆ ಫೋನ್ ಮಾಡಿ.

ಈಗ ಟ್ರಾನ್ಸ್‌ಫರಿಗೆ ಮಾರಿದವರ ಮೊಬೈಲಿಗೆ ಒಟಿಪಿ ಬರುವುದರಿಂದ ಖಾಲಿ ಫಾರ್ಮಿನ ಆಟ ಕಡಿಮೆಯಾಗಿದೆ. ಆದರೆ ಒಟಿಪಿ ಬಂದಾಗ ಮಾರಿದವನು ಊರಲ್ಲಿರಬೇಕು, ಫೋನ್ ನಂಬರ್ ಬದಲಿಸಿರಬಾರದು. ಬೆಳಗಾವಿಗೋ ಗೋವಾಕ್ಕೋ ದುಡಿಯಲು ಹೋದವನ ಹಳೇ ನಂಬರ್ ಬಂದ್ ಆಗಿದ್ದರೆ ಕೊಂಡವನಿಗೆ ಹೊಸ ಗೋಳು.

ಗಡಿಯಾಚೆಯ ಗಾಡಿಗೆ ಇನ್ನೊಂದು ತೊಡಕು. ಇಂಡಿ, ಚಡಚಣದ ಕಡೆಯವರಿಗೆ ಸೊಲ್ಲಾಪುರವೇ ಹತ್ತಿರದ ದೊಡ್ಡ ಪೇಟೆ. ಅಲ್ಲಿ 'ಎಂಎಚ್ 13' ಗಾಡಿ ಕಡಿಮೆಗೆ ಸಿಗುತ್ತದೆ ಎಂದು ತರುತ್ತಾರೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ತೆಗೆಸಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದ ಎನ್‌ಒಸಿ, ಅಂದರೆ ಫಾರ್ಮ್ 28 ಬೇಕು. ಮೇಲೆ ಕರ್ನಾಟಕದ ತೆರಿಗೆ. ಸೊಲ್ಲಾಪುರದಲ್ಲಿ ಉಳಿದಂತೆ ಕಂಡ ದುಡ್ಡು ವಿಜಯಪುರದ ಕೌಂಟರಿನಲ್ಲಿ ಹೋಗುತ್ತದೆ. ಈ ಖರ್ಚನ್ನು ಯಾವ ಹಿಸ್ಟರಿ ರಿಪೋರ್ಟೂ ಬರೆಯುವುದಿಲ್ಲ, ಅದು ಹಿಂದಿನದಲ್ಲ, ಮುಂದಿನದು ನೋಡಿ.

ಲಿಂಕಿನ ಆಚೆ ನಾವೇ ನೋಡಬಹುದಾದ ಗುರುತುಗಳು ಕೆಲವು ಇವೆ. ನಮಗೆ ಇಷ್ಟವಾದದ್ದು ಪೆನ್ಸಿಲ್ಲಿನದು. ಚಾಸಿಯ ಮೇಲೆ ಕೊರೆದ ನಂಬರಿನ ಮೇಲೆ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಆರ್‌ಟಿಒ ಏಜೆಂಟರು ದಿನಾ ಮಾಡುವ ಕೆಲಸ. ಆ ಅಚ್ಚನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಮಾರುತಿ ಕಾರಿಗೆ 'ಎಂಎ3', ಹುಂಡೈಗೆ 'ಎಂಎಎಲ್', ಟಾಟಾಗೆ 'ಎಂಎಟಿ', ಮಹೀಂದ್ರಕ್ಕೆ 'ಎಂಎ1' ಎಂದು ನಂಬರ್ ಶುರುವಾಗುತ್ತದೆ. ಅಕ್ಷರ ಸೊಟ್ಟಗಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ, ಅಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ಸುಮ್ಮನೆ ಎದ್ದು ಬನ್ನಿ. ಖಿಲ್ಜಿಯ ಕುದುರೆ ಬರೆಯಂತೆ ಇದೂ ಮೈಮೇಲಿನ ದಾಖಲೆ, ಅಳಿಸುವುದು ಸುಲಭವಲ್ಲ. ಕಳವಿನ ಗಾಡಿಯೋ ಎಂಬ ಅನುಮಾನವಿದ್ದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 'ವಾಹನ ಸಮನ್ವಯ'ದಲ್ಲಿ ನಂಬರ್ ಹಾಕಿ ನೋಡಬಹುದು.

ಇನ್ನೊಂದು ಗುರುತು ವಿಮೆಯ ಪಾಲಿಸಿಯಲ್ಲಿ ಅಡಗಿರುತ್ತದೆ. ಕ್ಲೇಮು ಮಾಡದಿದ್ದ ವರ್ಷಗಳಿಗೆ ಕೊಡುವ ರಿಯಾಯಿತಿ, ನೋ ಕ್ಲೇಮ್ ಬೋನಸ್, ಮೊದಲ ವರ್ಷ 20 ಪರ್ಸೆಂಟಿನಿಂದ ಏರುತ್ತ 50ರವರೆಗೆ ಹೋಗುತ್ತದೆ. "ಒಂದ್ ಗೀರೂ ಬಿದ್ದಿಲ್ರಿ" ಎನ್ನುವ ಆರು ವರ್ಷದ ಕಾರಿನ ಪೂರ್ಣ ವಿಮೆಯಲ್ಲಿ ಬೋನಸ್ ಸೊನ್ನೆ ಇದ್ದರೆ, ಇತ್ತೀಚೆಗೆ ಏನೋ ಕ್ಲೇಮು ಆಗಿರಬಹುದು, ಇಲ್ಲವೇ ವಿಮೆ ನಡುವೆ ತಪ್ಪಿರಬಹುದು. ಎರಡನ್ನೂ ಕೇಳಲೇಬೇಕು. ಆದರೆ ಬೋನಸ್ ಇರುವುದು ಮಾಲೀಕನ ಹೆಸರಿಗೆ, ಗಾಡಿಗಲ್ಲ. ಹಳೇ ಕಾರಿನ ಬೋನಸ್ಸನ್ನು ಹೊಸದಕ್ಕೆ ತಂದಿರಬಹುದು. ಆದ್ದರಿಂದ 50 ಇದ್ದರೆ ಹಿಗ್ಗಬೇಡಿ, ಸೊನ್ನೆ ಇದ್ದರೆ ಎಚ್ಚರಾಗಿ.

ಟ್ರ್ಯಾಕ್ಟರಿನ ವಿಷಯದಲ್ಲಿ ಲಿಂಕುಗಳು ಹೆಚ್ಚುಕಡಿಮೆ ಮೂಕ. ತಾಸಿನ ಮೀಟರಿನ ವೈರ್ ಕಿತ್ತು ಎರಡು ಹಂಗಾಮು ಕಬ್ಬು ಹೊಡೆದರೂ ಯಾರಿಗೂ ತಿಳಿಯುವುದಿಲ್ಲ. ಟ್ರೇಲರಿಗೆ ಬೇರೆಯೇ ನಂಬರ್, ಬೇರೆಯೇ ಆರ್‌ಸಿ ಎಂಬುದನ್ನು ಮರೆತು ಬರೀ ಎಂಜಿನ್ನಿನ ಕಾಗದ ನೋಡಿ ಜೋಡಿ ಕೊಳ್ಳುವವರಿದ್ದಾರೆ. ಇಲ್ಲಿ ಇನ್ನೂ ನಡೆಯುವುದು ಎತ್ತಿನ ಸಂತೆಯ ವಿದ್ಯೆಯೇ. ಕ್ಲಚ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ, ಹಿಂದಿನ ಟೈರ್ ಬದಲಿಸಿದ್ದಾರೋ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಹೊಗೆ ಯಾವ ಬಣ್ಣ. ನಮ್ಮ ಊರುಗಳ ಮೇಸ್ತ್ರಿಗಳು ಇದನ್ನು ಓದುವ ರೀತಿ ನೋಡಿದರೆ, ಹಲ್ಲು ನೋಡುವ ಅಜ್ಜಂದಿರೇ ಮತ್ತೆ ಹುಟ್ಟಿ ಬಂದಂತಿದೆ.

ಈಗ ಆ ಜೋಡಣೆಯ ಮಾತು. ದುಡ್ಡು ಕೊಡುವವನು ಡೀಲರು, ಓದುವವನು ಗಿರಾಕಿ ಎಂದಿದ್ದೆವು. ಮಾರುತಿಯವರು 2001ರಲ್ಲಿ ಟ್ರೂ ವ್ಯಾಲ್ಯೂ ಶುರು ಮಾಡಿದ ಮೇಲೆ ನಮ್ಮ ದೇಶದಲ್ಲಿ ಹಳೇ ಕಾರಿನ ವ್ಯಾಪಾರಕ್ಕೆ ಶೋರೂಮಿನ ಗಾಜು ಬಂತು. 2015ರ ಸುಮಾರಿಗೆ ಕಾರ್ಸ್24, ಸ್ಪಿನ್ನಿಯಂಥ ಆನ್‌ಲೈನ್ ಕಂಪನಿಗಳು ಬಂದವು. ಇಂಥ ಕಡೆ ಸಿಗುವ ತಪಾಸಣಾ ಪಟ್ಟಿಯನ್ನು ಮಾರುವ ಕಂಪನಿಯೇ ಮಾಡಿದ್ದರೆ, ಅದು ಹೊರಗಿನವರ ಸಾಕ್ಷಿಯಲ್ಲ, ಮಾರುವವನ ಮಾತೇ, ಅಚ್ಚುಕಟ್ಟಾಗಿ ಟೈಪ್ ಮಾಡಿದ್ದು ಅಷ್ಟೇ. ಹಾಗೆಂದು ಅದು ಸುಳ್ಳು ಎಂದಲ್ಲ. ಬರೆದುಕೊಟ್ಟ ಮಾತಿಗೆ ಗ್ರಾಹಕರ ಆಯೋಗದಲ್ಲಿ ಬೆಲೆ ಇದೆ, ಬಾಯಿಮಾತನ್ನು ಸಾಬೀತು ಮಾಡುವುದು ಕಷ್ಟ. ಆದ್ದರಿಂದ ಲಿಂಕ್ ಬಂದ ದಿನವೇ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಗಾಡಿ ಮಾರಾಟವಾದ ಮೇಲೆ ಆ ಪುಟ ಇರುತ್ತದೆಂಬ ಭರವಸೆ ಇಲ್ಲ.

ಹಳೇ ಗಾಡಿಯ ಡೀಲರುಗಳಿಗೂ ಕೊನೆಗೊಂದು ನಿಯಮ ಬಂದಿದೆ. 2022ರ ಡಿಸೆಂಬರ್ 22ರಂದು ಕೇಂದ್ರ ಸಾರಿಗೆ ಸಚಿವಾಲಯ ಅಧಿಸೂಚನೆ ಹೊರಡಿಸಿತು, 2023ರ ಏಪ್ರಿಲ್ 1ರಿಂದ ಜಾರಿ. ಡೀಲರು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು. ಗಾಡಿಯನ್ನು ಮಾಲೀಕನಿಂದ ತೆಗೆದುಕೊಂಡ ಕೂಡಲೇ ಆನ್‌ಲೈನಿನಲ್ಲಿ ತಿಳಿಸಬೇಕು. ಅಲ್ಲಿಂದ ಮಾರುವವರೆಗೆ ಆ ಗಾಡಿಗೆ ಅವನೇ ಮಾಲೀಕನೆಂದು ಲೆಕ್ಕ, ಅಪಘಾತವಾದರೆ ಹೊಣೆ ಅವನದು. ಗಾಡಿಯನ್ನು ಟ್ರಯಲಿಗೋ ರಿಪೇರಿಗೋ ಹೊರಗೆ ಒಯ್ದರೆ ಎಲ್ಲಿಗೆ, ಯಾಕೆ, ಎಷ್ಟು ಕಿಲೋಮೀಟರ್ ಎಂದು ದಾಖಲೆ ಇಡಬೇಕು. ಮೀಟರಿನ ಲೆಕ್ಕವನ್ನು ಬರೆದಿಡುವ ಮಾತು ನಮ್ಮ ಹಳೇ ಗಾಡಿಯ ವ್ಯಾಪಾರದೊಳಗೆ ಕಾಲಿಟ್ಟದ್ದು ಹೀಗೆ, ಅದೂ ಡೀಲರ ಕೈಯಲ್ಲಿರುವಷ್ಟು ದಿನದ್ದು ಮಾತ್ರ.

ಮುಂದಿನ ಸಲ ರಸ್ತೆ ಬದಿಯ ಹಳೇ ಗಾಡಿಗಳ ಅಂಗಳಕ್ಕೆ ಹೋದರೆ ಲಿಂಕ್ ಕೇಳುವ ಮುಂಚೆ ಆ ಅಧಿಕಾರ ಪತ್ರ ಎಲ್ಲಿ ತೂಗುಹಾಕಿದ್ದಾರೆ ಎಂದು ಕೇಳಿ. ಏನು ಉತ್ತರ ಬಂತು ಎಂದು ನಮಗೂ ಬರೆದು ತಿಳಿಸಿ. ಅಂಗಡಿಯ ಹೆಸರು ಬೇಡ, ಊರಿನ ಹೆಸರಷ್ಟೇ ಸಾಕು.